ಜನವರಿಯ ಮಳೆ, ಡಿಸೆಂಬರಿನ ತೂಫಾನು

(ಉಡುಪಿಯಲ್ಲಿ ಪದವಿ ವಿದ್ಯಾರ್ಥಿಗಳು, ಕೃಷಿಕರು ಮತ್ತು ಮೀನುಗಾರರು ಸೇರಿದ್ದ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ.)

2021ರ ಜನವರಿ ಮೊದಲ ವಾರದ ಒಂದು ರಾತ್ರಿಯಿಂದ ನನ್ನ ಮಾತನ್ನು ಆರಂಭಿಸುತ್ತೇನೆ. ಕಾರ್ಕಳ ತಾಲೂಕಿನಲ್ಲಿರುವ ಸೋದರಮಾವನ ಮನೆಯಲ್ಲಿ ಅಂದು ನಾನು ಉಳಿದುಕೊಂಡಿದ್ದೆ. ಅಂಗಳದ ತುಂಬ ಅಡಿಕೆ ಹರಡಿತ್ತು. ಚಾಲಿ ಮಾಡುವ ಮನೆಯವರಿಗೆ ಇದರ ಲೆಕ್ಕ ಗೊತ್ತಿದೆ. ಪೇಟೆಯಲ್ಲಿ ಬೆಳೆದ ವಿದ್ಯಾರ್ಥಿಗಳಿಗಾಗಿ ಹೇಳುತ್ತೇನೆ. ಕೊಯ್ದ ಹಣ್ಣಡಿಕೆಯನ್ನು ಸಿಪ್ಪೆಸಮೇತ ಅಂಗಳದಲ್ಲಿ ಹರಡಿ ಸುಮಾರು 40 ದಿನ ಬಿಸಿಲಿಗೆ ಬಿಟ್ಟಾಗ ಮಾತ್ರ ಒಳಗಿನ ಅಡಿಕೆ ಸಿಪ್ಪೆಯಿಂದ ಬಿಟ್ಟುಕೊಂಡು, ಕಿವಿಯ ಬಳಿ ಹಿಡಿದು ಅಲುಗಿಸಿದರೆ ಸದ್ದು ಮಾಡುವ ಹದಕ್ಕೆ ಬರುತ್ತದೆ. ಆ ರಾಶಿ 25 ದಿನದ ಬಿಸಿಲು ಕಂಡಿತ್ತು. ರಾತ್ರಿ ಎರಡು ಗಂಟೆಯ ಹೊತ್ತಿಗೆ ಹಂಚಿನ ಮೇಲೆ ಮಳೆಯ ಸದ್ದು ಕೇಳಿ ಎಲ್ಲರೂ ಎದ್ದೆವು. ಟರ್ಪಾಲು ಅಟ್ಟದಲ್ಲಿತ್ತು, ಜನವರಿಯಲ್ಲಿ ಅದು ಕೈಗೆಟುಕುವಲ್ಲಿ ಇರಬೇಕೆಂದು ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಟಾರ್ಚ್ ಬೆಳಕಿನಲ್ಲಿ ಹಿಡಿಸೂಡಿ ಹಿಡಿದು ಅಡಿಕೆಯನ್ನು ರಾಶಿ ಮಾಡುತ್ತಾ ಮಾವ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು: "ಜನವರಿಯಲ್ಲಿ ಎಂಥ ಮಳೆ ಮಾರಾಯ ಇದು, ಜನವರಿಯಲ್ಲಿ ಎಂಥ ಮಳೆ!" ಮಾರ್ಚಿಯಲ್ಲಿ ಸುಲಿದು ನೋಡಿದಾಗ ಆ ರಾಶಿಯ ದೊಡ್ಡ ಪಾಲು ಒಳಗೆ ಒಡೆದು ಕಪ್ಪಾಗಿತ್ತು. ಚಾಲಿಯಾಗಿ ಹೋಗಬೇಕಾದದ್ದು ಪಟೋರ, ಕರಿಗೋಟು ಎಂಬ ಕೆಳದರ್ಜೆಯ ಅಡಿಕೆಯಾಗಿ ಕಡಿಮೆ ದರಕ್ಕೆ ಹೋಯಿತು.

ಆ ರಾತ್ರಿಯ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಮಾವ ಹಲವು ವರ್ಷಗಳಿಂದ ಅಂಗಳದ ಮೂಲೆಯಲ್ಲಿ ಮಳೆಮಾಪಕ ಇಟ್ಟು ದಿನವೂ ಡೈರಿಯಲ್ಲಿ ಬರೆಯುವವರು. ಬಿದ್ದ ಮಳೆ ಎಷ್ಟೆಂದು ಬೆಳಿಗ್ಗೆ ಕೇಳಿದರೆ ಅವರಲ್ಲಿ ಉತ್ತರವಿರಲಿಲ್ಲ. ಮಳೆಮಾಪಕವೂ ಅಟ್ಟದಲ್ಲಿಯೇ ಇತ್ತು. ದೀಪಾವಳಿ ಕಳೆದು ಕೆಲವು ವಾರಗಳಾದ ಮೇಲೆ ಅದನ್ನು ತೊಳೆದು ಬೋರಲು ಹಾಕಿ ಒಳಗಿಡುವುದು, ಏಪ್ರಿಲಿನಲ್ಲಿ ಹೊರಗೆ ತರುವುದು ಅವರ ಪದ್ಧತಿಯಾಗಿತ್ತು.

ನಮ್ಮ ಕರಾವಳಿಯ ಬದುಕು ಈ ಒಣ ತಿಂಗಳುಗಳ ಮೇಲೆ ಎಷ್ಟು ನಂಬಿಕೆ ಇಟ್ಟಿದೆ ಎಂಬುದನ್ನು ಒಮ್ಮೆ ಯೋಚಿಸಿ ನೋಡಿ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ನಾಡು ಇದು, ಮತ್ತು ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲಿಯೇ ಮುಗಿಯುತ್ತದೆ. ಸ್ವಾತಿ, ವಿಶಾಖಾ ಮಳೆಗಳು ಕಳೆದವೆಂದರೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ, ಗದ್ದೆಗಳಲ್ಲಿ ಕಂಬಳ ಆರಂಭವಾಗುತ್ತದೆ, ಊರೂರಿನಲ್ಲಿ ಕೋಲ, ನೇಮಗಳಾಗುತ್ತವೆ, ಎರಡು ವರ್ಷಕ್ಕೊಮ್ಮೆ ಜನವರಿ 18ರ ನಸುಕಿನಲ್ಲಿ ಇದೇ ಉಡುಪಿಯ ಬೀದಿಯಲ್ಲಿ ಪರ್ಯಾಯದ ಮೆರವಣಿಗೆ ಸಾಗುತ್ತದೆ. ಆಟ, ಕೋಲಗಳ ಋತು ಮುಗಿಯುವ ಮೇ ಕೊನೆಯ ಪತ್ತನಾಜೆಯವರೆಗೆ ಇವೆಲ್ಲವೂ ತೆರೆದ ಆಕಾಶದ ಕೆಳಗೆ ನಡೆಯುವ ಕೆಲಸಗಳು. ಮಾವಿನ ಮರ, ಗೇರು ಮರ ಹೂ ಬಿಡುವುದೂ, ದಕ್ಕೆಯಲ್ಲಿ ಮೀನು ಒಣಗುವುದೂ ಈ ದಿನಗಳಲ್ಲಿಯೇ. ಆದ್ದರಿಂದ ಜುಲೈಯಲ್ಲಿ ನಾವು ಗಮನಿಸದೆ ಬಿಡುವಷ್ಟು ಸಣ್ಣ ಮಳೆಯೂ ಜನವರಿಯಲ್ಲಿ ಒಂದು ಕುಟುಂಬದ ವರ್ಷದ ಆದಾಯವನ್ನು ತಿನ್ನಬಲ್ಲದು. ಅಕಾಲದ ಬಿರುಗಾಳಿಯ ಹಾನಿಯನ್ನು ಅಳೆಯುವಾಗ ಗಾಳಿಯ ವೇಗ ಮತ್ತು ನೀರಿನ ಪ್ರಮಾಣ ಸಾಲವು. ಅದು ಬಂದಾಗ ಟರ್ಪಾಲು ಎಲ್ಲಿತ್ತು ಎಂಬುದನ್ನೂ ಕೇಳಬೇಕಾಗುತ್ತದೆ.

ಈಗ ಸ್ವಲ್ಪ ದೂರಕ್ಕೆ ಹೋಗೋಣ. 2022ರ ಡಿಸೆಂಬರಿನಲ್ಲಿ, ಕ್ರಿಸ್ಮಸ್ ಸಮಯದಲ್ಲಿ, ಅಮೆರಿಕದ ಬಫಲೋ ನಗರದಲ್ಲಿ ಓದುತ್ತಿದ್ದ ನನ್ನ ತಮ್ಮನ ಮಗಳು ಫೋನ್ ಮಾಡಿದಳು. "ದೊಡ್ಡಪ್ಪ, ಭೂಮಿ ಬಿಸಿಯಾಗ್ತಾ ಉಂಟು ಅಂತ ನೀವು ಹೇಳ್ತಿದ್ರಲ್ಲ, ಇಲ್ಲಿ ಮನೆ ಬಾಗಿಲು ತೆಗೀಲಿಕ್ಕೇ ಆಗುದಿಲ್ಲ" ಎಂದಳು. ಬಾಗಿಲಿನ ಅರ್ಧದವರೆಗೆ ಹಿಮ ಒಟ್ಟಿತ್ತು. ಆ ಬಿರುಗಾಳಿಯಲ್ಲಿ ಬಫಲೋ ವಿಮಾನ ನಿಲ್ದಾಣದಲ್ಲಿ 130 ಸೆಂಟಿಮೀಟರಿಗೂ ಹೆಚ್ಚು ಹಿಮ ಬಿದ್ದಿತು. ಅಗ್ನಿಶಾಮಕ ವಾಹನಗಳು, ಆಂಬುಲೆನ್ಸ್‌ಗಳು ರಸ್ತೆಯಲ್ಲಿಯೇ ಸಿಕ್ಕಿಹಾಕಿಕೊಂಡವು. ಆ ಒಂದು ಕೌಂಟಿಯಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಅವಳ ಪ್ರಶ್ನೆ ನ್ಯಾಯವಾದದ್ದು, ಮತ್ತು ಆ ಪ್ರಶ್ನೆಯನ್ನು ಕೇಳಿದವರಲ್ಲಿ ಅವಳು ಮೊದಲಿಗಳೇನೂ ಅಲ್ಲ. 2015ರ ಫೆಬ್ರವರಿ 26ರಂದು ಓಕ್ಲಹೋಮಾದ ಸೆನೆಟರ್ ಜೇಮ್ಸ್ ಇನ್‌ಹೋಫ್ ಹೊರಗಿನಿಂದ ಹಿಮದ ಉಂಡೆಯೊಂದನ್ನು ತಂದು ಅಮೆರಿಕದ ಸೆನೆಟ್ ಸಭೆಯಲ್ಲಿ ತೋರಿಸಿ, ಹೊರಗೆ ಇಷ್ಟು ಚಳಿಯಿದೆಯಲ್ಲ ಎಂದು ವಾದಿಸಿದರು. ಅವರು ಆಗ ಸೆನೆಟ್‌ನ ಪರಿಸರ ಸಮಿತಿಯ ಅಧ್ಯಕ್ಷರಾಗಿದ್ದರು. ಅದೇ 2015 ಮುಗಿಯುವಾಗ ಜಗತ್ತಿನ ಸರಾಸರಿ ಲೆಕ್ಕದಲ್ಲಿ ಅಲ್ಲಿಯವರೆಗಿನ ಅತಿ ಬಿಸಿಯ ವರ್ಷವೆಂದು ದಾಖಲಾಯಿತು. ಒಂದು ಊರಿನ ಒಂದು ವಾರದ ಚಳಿಯಿಂದ ಇಡೀ ಭೂಮಿಯ ಶಾಖವನ್ನು ಊಹಿಸಲಾಗದು ಎಂಬುದು ಇನ್‌ಹೋಫ್ ಅವರಿಗೆ ಕೊಡಬಹುದಾದ ಉತ್ತರ. ಆದರೆ ನನ್ನ ತಮ್ಮನ ಮಗಳಿಗೆ ಅಷ್ಟು ಸಾಲದು. ಅಷ್ಟೊಂದು ಹಿಮಕ್ಕೆ ನೀರು ಎಲ್ಲಿಂದ ಬಂತು ಎಂಬುದನ್ನು ಅವಳಿಗೆ ಹೇಳಬೇಕು.

ಜೂನ್ ತಿಂಗಳಿನಲ್ಲಿ ಉಡುಪಿಯ ಮನೆಯೊಳಗೆ ಹಗ್ಗ ಕಟ್ಟಿ ಹಾಕಿದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಗಾಳಿ ಆಗಲೇ ತಾನು ಹೊರಬಹುದಾದಷ್ಟು ನೀರನ್ನು ಹೊತ್ತಿರುತ್ತದೆ. ಎಷ್ಟು ಹೊರಬಲ್ಲದು ಎಂಬುದು ಅದರ ಉಷ್ಣತೆಯನ್ನು ಅವಲಂಬಿಸಿದೆ. ಒಂದು ಘನ ಮೀಟರ್ ಗಾಳಿ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಸೊನ್ನೆ ಡಿಗ್ರಿಯಲ್ಲಿ 5 ಗ್ರಾಂಗಿಂತ ತುಸು ಕಡಿಮೆ. ಸೊನ್ನೆಗಿಂತ 20 ಡಿಗ್ರಿ ಕೆಳಗೆ ಒಂದು ಗ್ರಾಂ ಕೂಡ ಇಲ್ಲ. ಆದ್ದರಿಂದಲೇ ಅತಿ ಕೊರೆಯುವ ಚಳಿಯಲ್ಲಿ ಹೆಚ್ಚು ಹಿಮ ಬೀಳುವುದಿಲ್ಲ, ಬೀಳಲು ಗಾಳಿಯಲ್ಲಿ ನೀರೇ ಇರುವುದಿಲ್ಲ. ಭಾರೀ ಹಿಮಪಾತಕ್ಕೆ ಸೊನ್ನೆಯ ಆಸುಪಾಸಿನ ಚಳಿ ಮತ್ತು ಎಲ್ಲಿಂದಲೋ ಧಾರಾಳವಾಗಿ ಒದಗುವ ತೇವ ಎರಡೂ ಬೇಕು. ಉಷ್ಣತೆ ಒಂದು ಡಿಗ್ರಿ ಏರಿದರೆ ಗಾಳಿ ಹೊರಬಲ್ಲ ನೀರಾವಿ ಸುಮಾರು ಶೇಕಡಾ 7ರಷ್ಟು ಹೆಚ್ಚುತ್ತದೆ. ಈ ಲೆಕ್ಕವನ್ನು ಭೌತಶಾಸ್ತ್ರದ ವಿದ್ಯಾರ್ಥಿಗಳು ಪದವಿ ತರಗತಿಯಲ್ಲಿ ಓದಿರುತ್ತೀರಿ, ಇದು ಹತ್ತೊಂಬತ್ತನೆಯ ಶತಮಾನದಲ್ಲಿಯೇ ತಿಳಿದಿದ್ದ ವಿಷಯ. ಬಫಲೋ ನಗರ ಈರಿ ಸರೋವರದ ಪೂರ್ವ ತುದಿಯಲ್ಲಿದೆ. ಕಡು ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿದರೆ ನೀರು ಗಾಳಿಗೆ ಸೇರುವ ದಾರಿ ಮುಚ್ಚಿಹೋಗುತ್ತದೆ. ಆ ಡಿಸೆಂಬರಿನಲ್ಲಿ ಸರೋವರ ತೆರೆದೇ ಇತ್ತು. ಉತ್ತರದಿಂದ ಬಂದ ಶೀತಗಾಳಿ ಅದರ ಉದ್ದಕ್ಕೂ ಬೀಸಿ, ದಾರಿಯಲ್ಲಿ ಎತ್ತಿಕೊಂಡ ನೀರನ್ನು ದಡದ ನಗರದ ಮೇಲೆ ಹಿಮವಾಗಿ ಸುರಿಸಿತು. ಈರಿಯೂ ಸೇರಿದಂತೆ ಅಲ್ಲಿನ ಮಹಾಸರೋವರಗಳ ಮೇಲಿನ ಹಿಮದ ಹೊದಿಕೆ 1970ರ ದಶಕದಿಂದೀಚೆಗೆ, ವರ್ಷದಿಂದ ವರ್ಷಕ್ಕೆ ಏರಿಳಿತಗಳಿದ್ದರೂ, ಒಟ್ಟಾರೆ ಇಳಿಮುಖವಾಗಿದೆ. ಚಳಿ ಮೊದಲೂ ಇತ್ತು, ಈಗಲೂ ಇದೆ. ಸರೋವರ ತೆರೆದಿರುವ ದಿನಗಳು ಹೆಚ್ಚುತ್ತಿವೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಸೇರಿಸಲೇಬೇಕು, ಏಕೆಂದರೆ ಈ ವಿಷಯದಲ್ಲಿ ಉತ್ಸಾಹಿಗಳೂ ತಪ್ಪುತ್ತಾರೆ. ಧ್ರುವದ ಶೀತಗಾಳಿಯೇ ಹವಾಮಾನ ಬದಲಾವಣೆಯಿಂದಾಗಿ ಹೆಚ್ಚೆಚ್ಚು ಬಾರಿ ದಕ್ಷಿಣಕ್ಕೆ ನುಗ್ಗುತ್ತಿದೆ ಎಂಬ ಮಾತನ್ನು ನೀವು ಓದಿರಬಹುದು. ಉತ್ತರ ಧ್ರುವ ಪ್ರದೇಶ 1979ರಿಂದೀಚೆಗೆ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ ಎಂಬುದು ಅಳತೆಯಿಂದ ಸಿದ್ಧವಾಗಿದೆ. ಅದರಿಂದ ಧ್ರುವ ಮತ್ತು ಸಮಭಾಜಕದ ನಡುವಿನ ಉಷ್ಣತೆಯ ಅಂತರ ಕುಗ್ಗಿ, ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಗಾಳಿ ಸಡಿಲಗೊಂಡು, ನೆರೆ ಇಳಿದ ಮೇಲಿನ ಹೊಳೆಯಂತೆ ಹೆಚ್ಚು ಅಂಕುಡೊಂಕಾಗಿ ಹರಿಯುತ್ತದೆ ಎಂಬ ವಾದವನ್ನು 2012ರಲ್ಲಿ ಇಬ್ಬರು ಅಮೆರಿಕನ್ ವಿಜ್ಞಾನಿಗಳು ಮುಂದಿಟ್ಟರು. ಆ ವಾದದ ಪರವಾಗಿಯೂ ವಿರುದ್ಧವಾಗಿಯೂ ಅಧ್ಯಯನಗಳಿವೆ, ಚರ್ಚೆ ಇನ್ನೂ ಮುಗಿದಿಲ್ಲ. ಒಟ್ಟು ಲೆಕ್ಕದಲ್ಲಿ ಕಡು ಚಳಿಯ ದಿನಗಳು ಜಗತ್ತಿನಾದ್ಯಂತ ಕಡಿಮೆಯಾಗುತ್ತಿವೆ ಎಂಬುದರಲ್ಲಿ ಮಾತ್ರ ಸಂಶಯವಿಲ್ಲ.

ಆ ಚರ್ಚೆ ಹೇಗೇ ಮುಗಿಯಲಿ, 2021ರ ಫೆಬ್ರವರಿಯಲ್ಲಿ ಟೆಕ್ಸಾಸ್ ರಾಜ್ಯಕ್ಕೆ ಬಂದ ಶೀತ ಬಿರುಗಾಳಿಯಿಂದ ಕಲಿಯಬೇಕಾದದ್ದು ಬಹಳವಿದೆ. ನಮ್ಮ ಹಾಗೆಯೇ ಸೆಕೆಗೆ ಒಗ್ಗಿಕೊಂಡ ನಾಡು ಅದು. ಫೆಬ್ರವರಿ 16ರಂದು ಡಲ್ಲಾಸ್‌ನಲ್ಲಿ ಉಷ್ಣತೆ ಸೊನ್ನೆಗಿಂತ ಸುಮಾರು 19 ಡಿಗ್ರಿ ಕೆಳಗಿಳಿಯಿತು. ಅನಿಲ ಬಾವಿಗಳ ಬಾಯಿ, ಕೊಳವೆ, ವಿದ್ಯುತ್ ಸ್ಥಾವರಗಳ ಉಪಕರಣಗಳು ಹೆಪ್ಪುಗಟ್ಟಿದವು. 45 ಲಕ್ಷ ಮನೆ ಮತ್ತು ಅಂಗಡಿಗಳಿಗೆ ವಿದ್ಯುತ್ ನಿಂತುಹೋಯಿತು. ರಾಜ್ಯದ ಅಧಿಕೃತ ಲೆಕ್ಕದಂತೆ 246 ಮಂದಿ ಸತ್ತರು, ಅವರಲ್ಲಿ ಹೆಚ್ಚಿನವರು ಚಳಿಗೆ ಸಿಕ್ಕಿದವರು. ಅದಕ್ಕಿಂತ ಎಷ್ಟೋ ಹೆಚ್ಚಿನ ಚಳಿಯಲ್ಲಿ ಕೆನಡಾದ ವಿದ್ಯುತ್ ಸ್ಥಾವರಗಳು ಪ್ರತಿ ವರ್ಷ ನಡೆಯುತ್ತವೆ. ಅಲ್ಲಿ ಕೊಳವೆಗೆ ಹೊದಿಕೆಯಿರುತ್ತದೆ. ಟೆಕ್ಸಾಸ್‌ನಲ್ಲಿ ಆ ಹೊದಿಕೆ ಇರದಿದ್ದುದಕ್ಕೂ ಕಾರ್ಕಳದಲ್ಲಿ ಟರ್ಪಾಲು ಅಟ್ಟದಲ್ಲಿದ್ದುದಕ್ಕೂ ನಾನು ಒಂದೇ ಕಾರಣವನ್ನು ಕಾಣುತ್ತೇನೆ.

ಇನ್ನು ನಮ್ಮದೇ ಕಡಲಿಗೆ ಬರೋಣ. ನನ್ನ ಬಾಲ್ಯದಲ್ಲಿ ತೂಫಾನು ಎಂದರೆ ಆಂಧ್ರ, ಒಡಿಶಾ, ಬಂಗಾಳಗಳ ಸುದ್ದಿಯಾಗಿತ್ತು. ಚಂಡಮಾರುತ ಹುಟ್ಟಲು ಕಡಲಿನ ಮೇಲ್ಪದರ 26, 27 ಡಿಗ್ರಿಗಿಂತ ಬಿಸಿಯಾಗಿರಬೇಕು. ಜೊತೆಗೆ ಕೆಳಗಿನ ಗಾಳಿಗೂ ಎತ್ತರದ ಗಾಳಿಗೂ ವೇಗದಲ್ಲಿ ಹೆಚ್ಚಿನ ಅಂತರ ಇರಬಾರದು, ಇದ್ದರೆ ಏಳುತ್ತಿರುವ ಮೋಡದ ಕಂಬವನ್ನು ಅದು ಮುರಿದುಹಾಕುತ್ತದೆ. ಮುಂಗಾರಿನ ನಡುವಿನ ತಿಂಗಳುಗಳಲ್ಲಿ ಅರಬ್ಬೀ ಸಮುದ್ರದ ಮೇಲೆ ಈ ಅಂತರ ಹೆಚ್ಚಿರುವುದರಿಂದ ಚಂಡಮಾರುತಗಳಿಗೆ ಅಲ್ಲಿ ಎರಡೇ ಕಾಲ: ಮುಂಗಾರಿನ ಮೊದಲು ಮತ್ತು ಮುಂಗಾರಿನ ನಂತರ. ಬಂಗಾಳ ಕೊಲ್ಲಿಗೆ ಹೋಲಿಸಿದರೆ ನಮ್ಮ ಕಡಲು ತುಸು ತಣ್ಣಗಿದ್ದುದೇ ಬಹುಕಾಲ ನಮಗೆ ರಕ್ಷಣೆಯಾಗಿತ್ತು. ಹಸಿರುಮನೆ ಅನಿಲಗಳಿಂದ ಭೂಮಿಯಲ್ಲಿ ಉಳಿಯುವ ಹೆಚ್ಚುವರಿ ಶಾಖದ ಶೇಕಡಾ 90ರಷ್ಟು ಸಾಗರಗಳಿಗೆ ಸೇರುತ್ತದೆ, ಮತ್ತು ಆ ಪಾಲನ್ನು ಅರಬ್ಬೀ ಸಮುದ್ರವೂ ಪಡೆದಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1982ರಿಂದ 2000ದವರೆಗಿನ ಅವಧಿಗೆ ಹೋಲಿಸಿದರೆ 2001ರಿಂದ 2019ರವರೆಗೆ ಅರಬ್ಬೀ ಸಮುದ್ರದ ಚಂಡಮಾರುತಗಳು ಶೇಕಡಾ 52ರಷ್ಟು ಹೆಚ್ಚಿವೆ, ಅವು ಕಡಲಿನ ಮೇಲೆ ಇರುವ ಒಟ್ಟು ಅವಧಿ ಶೇಕಡಾ 80ರಷ್ಟು ಹೆಚ್ಚಿದೆ, ಅತಿ ತೀವ್ರ ಚಂಡಮಾರುತಗಳು ಶೇಕಡಾ 150ರಷ್ಟು ಹೆಚ್ಚಿವೆ. ಇದೇ ಅವಧಿಯಲ್ಲಿ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳ ಸಂಖ್ಯೆ ಶೇಕಡಾ 8ರಷ್ಟು ಕಡಿಮೆಯಾಗಿದೆ.

2019 ಈ ವಿಷಯದಲ್ಲಿ ಮರೆಯಲಾಗದ ವರ್ಷ. ಸರಾಸರಿ ವರ್ಷಕ್ಕೊಂದು ಚಂಡಮಾರುತ ಕಾಣುತ್ತಿದ್ದ ಅರಬ್ಬೀ ಸಮುದ್ರ ಆ ವರ್ಷ ಐದನ್ನು ಕಂಡಿತು: ಜೂನ್‌ನಲ್ಲಿ ವಾಯು, ಸೆಪ್ಟೆಂಬರಿನಲ್ಲಿ ಹಿಕಾ, ಅಕ್ಟೋಬರಿನಲ್ಲಿ ಕ್ಯಾರ್, ಅದು ಇನ್ನೂ ಕಡಲಿನಲ್ಲಿರುವಾಗಲೇ ಮಹಾ, ಡಿಸೆಂಬರಿನಲ್ಲಿ ಪವನ್. ಕ್ಯಾರ್ ಸೂಪರ್ ಚಂಡಮಾರುತದ ಮಟ್ಟಕ್ಕೇರಿತು. 2007ರ ಗೋನು ನಂತರ ಈ ಕಡಲಿನಲ್ಲಿ ಅಂಥದ್ದು ಬಂದಿರಲಿಲ್ಲ. ಇದೆಲ್ಲವೂ ಹವಾಮಾನ ಬದಲಾವಣೆಯೇ ಎಂದು ಹೇಳಿಬಿಡುವುದು ಸುಲಭ, ಆದರೆ ಪೂರ್ತಿ ನಿಜವಲ್ಲ. ಆ ವರ್ಷ ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಪೂರ್ವ ಭಾಗಕ್ಕಿಂತ ಬಹಳ ಬಿಸಿಯಾಗಿತ್ತು. ಇದನ್ನು ದ್ವಿಧ್ರುವ ಎಂದು ಕರೆಯುತ್ತಾರೆ, ಇದು ತನ್ನದೇ ಲಯದಲ್ಲಿ ಬಂದು ಹೋಗುವ ಏರಿಳಿತ. ಈ ಏರಿಳಿತ ಮೊದಲಿನಂತೆಯೇ ಬರುತ್ತದೆ. ಅದು ಏಳುವ ನೆಲೆ ಮಾತ್ರ ವರ್ಷದಿಂದ ವರ್ಷಕ್ಕೆ ಎತ್ತರವಾಗುತ್ತಿದೆ. ಭರತದ ಹೊತ್ತು ಬಂದ ಅಲೆ ಇಳಿತದ ಹೊತ್ತಿನ ಅಲೆಗಿಂತ ಮೇಲಕ್ಕೆ ಹತ್ತುವುದನ್ನು ಉಳ್ಳಾಲದಲ್ಲಿ, ಮರವಂತೆಯಲ್ಲಿ ಮನೆಯಿರುವವರು ನೋಡಿಯೇ ಬಲ್ಲಿರಿ.

ಇದೇ ಪ್ರಾಮಾಣಿಕತೆಯಿಂದ ನನ್ನ ಮಾವನ ಅಂಗಳದ ಮಳೆಯನ್ನೂ ನೋಡಬೇಕು. ಆ ಒಂದು ರಾತ್ರಿಯ ಮಳೆಯನ್ನು ಹವಾಮಾನ ಬದಲಾವಣೆಯ ತಲೆಗೆ ಕಟ್ಟಲು ನನ್ನಲ್ಲಿ ಆಧಾರವಿಲ್ಲ. ಆ ವರ್ಷ ಹಿಂಗಾರು ಜನವರಿ ಮೂರನೆಯ ವಾರದವರೆಗೂ ಮುಗಿದಿರಲಿಲ್ಲ, ಪೆಸಿಫಿಕ್ ಸಾಗರದಲ್ಲಿ ಲಾ ನಿನಾ, ಅಂದರೆ ಸಮಭಾಜಕದ ಬಳಿಯ ನೀರು ವಾಡಿಕೆಗಿಂತ ತಣ್ಣಗಾಗುವ ಸ್ಥಿತಿ, ಇತ್ತು. ಬಿಸಿಯಾದ ಗಾಳಿ ಹೆಚ್ಚು ನೀರನ್ನು ಹೊರುವುದರಿಂದ ಅಂಥ ಮಳೆ ಬಂದಾಗ ಮೊದಲಿಗಿಂತ ಜೋರಾಗಿ ಬೀಳುವ ಸಾಧ್ಯತೆ ಹೆಚ್ಚಿದೆ ಎಂಬಷ್ಟನ್ನು ಹೇಳಬಹುದು. 2024ರಲ್ಲಿಯೂ ನಾವು ಇದನ್ನು ಕಂಡೆವು. ನವೆಂಬರ್ 30ರಂದು ಪುದುಚೇರಿಯ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತ ದುರ್ಬಲಗೊಂಡ ಮೇಲೂ ತಮಿಳುನಾಡಿನ ಒಳನಾಡಿನ ಊತಂಗರೈಯಲ್ಲಿ ಒಂದೇ ದಿನ ಸುಮಾರು 500 ಮಿಲಿಮೀಟರ್ ಮಳೆ ಸುರಿಸಿತು; ಅದರ ಉಳಿಕೆ ಘಟ್ಟ ದಾಟಿ ನಮ್ಮ ಕಡಲಿಗಿಳಿದಾಗ, ಡಿಸೆಂಬರ್ 3ರಂದು, ದಕ್ಷಿಣ ಕನ್ನಡದ ಶಾಲೆಗಳಿಗೆ ಮಳೆಯ ರಜೆ ಕೊಡಬೇಕಾಯಿತು. ಡಿಸೆಂಬರಿನಲ್ಲಿ ಮಳೆಗಾಗಿ ರಜೆ ಎಂದರೆ ನನ್ನ ತಲೆಮಾರಿನ ಮೇಷ್ಟ್ರುಗಳಿಗೆ ನಂಬಲು ಕಷ್ಟವಾಗುತ್ತದೆ.

ಆದರೆ ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕಾಡುವುದು ಓಖಿ. 2017ರ ನವೆಂಬರ್ 29ರಂದು ಶ್ರೀಲಂಕಾದ ಬಳಿ ವಾಯುಭಾರ ಕುಸಿತವಾಗಿದ್ದದ್ದು 30ರ ಬೆಳಿಗ್ಗೆಯೊಳಗೆ ಕನ್ಯಾಕುಮಾರಿಯ ಸಮೀಪ ಚಂಡಮಾರುತವಾಯಿತು. ಸಾಮಾನ್ಯವಾಗಿ ನಾಲ್ಕೈದು ದಿನ ಮೊದಲೇ ಸಿಗುವ ಮುನ್ಸೂಚನೆಗೆ ಅಲ್ಲಿ ಸಮಯವೇ ಇರಲಿಲ್ಲ. ಅಷ್ಟರಲ್ಲಿ ಕೇರಳ ಮತ್ತು ಕನ್ಯಾಕುಮಾರಿ ಜಿಲ್ಲೆಯ ಆಳಕಡಲಿನ ಬೋಟುಗಳು ಹೊರಟು ದಿನಗಳಾಗಿದ್ದವು. ಮಲ್ಪೆಯವರಿಗೆ ವಿವರಿಸಬೇಕಾಗಿಲ್ಲ: ದಡದಿಂದ ನಿರ್ದಿಷ್ಟ ದೂರ ದಾಟಿದ ಮೇಲೆ ಮೊಬೈಲ್ ಸಿಗುವುದಿಲ್ಲ, ವೈರ್‌ಲೆಸ್ ಕೂಡ ಎಟುಕುವುದಿಲ್ಲ. ನವೆಂಬರ್ ಕೊನೆ ಎಂದರೆ ಮಳೆ ಮುಗಿದು ಕಡಲು ಶಾಂತವಾಗಿರುವ, ಮೀನುಗಾರಿಕೆ ಜೋರಾಗಿರುವ ಕಾಲ. ಬೋಟುಗಳು ಹೋದದ್ದರಲ್ಲಿ ತಪ್ಪೇನೂ ಇರಲಿಲ್ಲ. ಸತ್ತವರು, ಮರಳಿ ಬಾರದವರು ನೂರಾರು ಮಂದಿ. ದಿಕ್ಕು ತಪ್ಪಿದ ಬೋಟುಗಳು ಕರ್ನಾಟಕ, ಗೋವಾ, ಮಹಾರಾಷ್ಟ್ರ, ಗುಜರಾತಿನವರೆಗೂ ಹೋಗಿ ದಡ ಸೇರಿದವು. ಓಖಿ ಲಕ್ಷದ್ವೀಪವನ್ನು ದಾಟಿ ಉತ್ತರಕ್ಕೆ ಹೋಗುವಾಗ ಅದರ ಅಲೆಗಳು ನಮ್ಮ ಉಳ್ಳಾಲದ ತೀರಕ್ಕೂ ಬಡಿದವು, ಡಿಸೆಂಬರ್ ತಿಂಗಳಲ್ಲಿ ಕಡಲ್ಕೊರೆತ ಕಾಣಿಸಿತು.

ನಮ್ಮಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿದೆ. ಮೀನಿನ ಸಂತಾನಾಭಿವೃದ್ಧಿಯ ಜೊತೆಗೆ ಮುಂಗಾರಿನ ಕಡಲಿನ ಅಪಾಯವನ್ನೂ ನೋಡಿ ಮಾಡಿದ ವ್ಯವಸ್ಥೆ ಅದು, ಮತ್ತು ಅದು ಸರಿಯಾಗಿಯೇ ಇದೆ. ಆದರೆ ಓಖಿ, ಕ್ಯಾರ್, ಮಹಾ, ಪವನ್ ಎಲ್ಲವೂ ಬಂದದ್ದು ನಿಷೇಧ ಮುಗಿದು ಬೋಟುಗಳೆಲ್ಲ ಕಡಲಿನಲ್ಲಿರುವಾಗ. ಆದ್ದರಿಂದ ಇಲ್ಲಿರುವ ಬೋಟ್ ಮಾಲೀಕರಲ್ಲಿ ನನ್ನ ವಿನಂತಿಯೆಂದರೆ, ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯ್ಸ್‌ನಿಂದ ಬರುವ ಮಾಹಿತಿಯಲ್ಲಿ ಮೀನು ಎಲ್ಲಿದೆ ಎಂಬುದನ್ನು ನೋಡುವಷ್ಟೇ ಆಸಕ್ತಿಯಿಂದ ಅಲೆ ಮತ್ತು ಗಾಳಿಯ ಮುನ್ಸೂಚನೆಯನ್ನೂ ನೋಡಿ, ಅದರಲ್ಲಿಯೂ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಮೊಬೈಲ್ ಸಿಗದ ದೂರದಲ್ಲಿಯೂ ಉಪಗ್ರಹದ ಮೂಲಕ ಎಚ್ಚರಿಕೆ ತಲುಪಿಸುವ ಉಪಕರಣಗಳು ಓಖಿಯ ನಂತರ ಬಂದಿವೆ. ಆಳಕಡಲಿಗೆ ಹತ್ತು ಹನ್ನೆರಡು ದಿನಗಳ ಮಟ್ಟಿಗೆ ಹೋಗುವ ಬೋಟಿನಲ್ಲಿ ಅದು ಮಂಜುಗಡ್ಡೆ, ಡೀಸೆಲ್‌ಗಳಷ್ಟೇ ಅಗತ್ಯವೆಂದು ನಾನು ಭಾವಿಸುತ್ತೇನೆ. ಅದರ ಖರ್ಚನ್ನು ಮಾಲೀಕರೊಬ್ಬರ ಮೇಲೆಯೇ ಹಾಕುವುದು ನ್ಯಾಯವಲ್ಲ, ಸರ್ಕಾರ ಅದನ್ನು ಹೊರಬೇಕು. ಇದೇ ರೀತಿ ಅಡಿಕೆ ಬೆಳೆಗಾರರಲ್ಲಿ ಅನೇಕರು ಈಗ ಪಾರದರ್ಶಕ ಹೊದಿಕೆಯ ಸೋಲಾರ್ ಗೂಡುಗಳನ್ನು ಕಟ್ಟಿಸುತ್ತಿದ್ದಾರೆ. ಕಟ್ಟಿಸಲಾಗದ ಸಣ್ಣ ಹಿಡುವಳಿದಾರರ ಸಂಖ್ಯೆ ಅದಕ್ಕಿಂತ ಬಹಳ ದೊಡ್ಡದು.

ಕೊನೆಯದಾಗಿ, ವಿದ್ಯಾರ್ಥಿಗಳಿಗೆ ಒಂದು ಕೆಲಸ. ನಮ್ಮ ಎರಡು ಜಿಲ್ಲೆಗಳಲ್ಲಿ ದಶಕಗಳಿಂದ ಮಳೆ ಅಳೆದು ಬರೆದಿಟ್ಟಿರುವ ಕೃಷಿಕರಿದ್ದಾರೆ. ಅವರ ಡೈರಿಗಳನ್ನು ಹುಡುಕಿ, ನವೆಂಬರಿನಿಂದ ಮಾರ್ಚಿವರೆಗಿನ ಪುಟಗಳನ್ನು ಮಾತ್ರ ನಕಲು ಮಾಡಿ ತನ್ನಿ. ಹಿಂದೆಯೂ ಈ ತಿಂಗಳುಗಳಲ್ಲಿ ಮಳೆ ಬಂದಿರುವ ವರ್ಷಗಳು ಖಂಡಿತ ಸಿಗುತ್ತವೆ; ಅವು ಎಷ್ಟು ವರ್ಷಕ್ಕೊಮ್ಮೆ ಬರುತ್ತಿದ್ದವು, ಒಂದು ದಿನಕ್ಕೆ ಎಷ್ಟು ಮಿಲಿಮೀಟರ್ ಬೀಳುತ್ತಿತ್ತು ಎಂಬುದನ್ನು ಈಗಿನ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದಾಗ ನಮ್ಮ ಊರಿನ ಬಗ್ಗೆ ನಾವೇ ಆಧಾರಸಹಿತ ಮಾತನಾಡಬಹುದು. ನೀವೂ ಅಳೆಯಿರಿ. ಮಾಪಕವನ್ನು ಮರ ಮತ್ತು ಮಾಡಿನಿಂದ ದೂರ, ಸಮತಟ್ಟಾದ ಬಯಲಿನಲ್ಲಿಡಬೇಕು. ಹವಾಮಾನ ಇಲಾಖೆಯ ಮಳೆಯ ದಿನ ಬೆಳಿಗ್ಗೆ ಎಂಟೂವರೆಗೆ ಮುಗಿಯುತ್ತದೆ, ಆದ್ದರಿಂದ ಪ್ರತಿದಿನ ಅದೇ ಸಮಯಕ್ಕೆ ಓದಿ ಬರೆಯಬೇಕು. ಮಳೆ ಬಾರದ ದಿನ ಜಾಗವನ್ನು ಖಾಲಿ ಬಿಡದೆ ಸೊನ್ನೆ ಎಂದು ಬರೆಯಬೇಕು, ಖಾಲಿ ಬಿಟ್ಟರೆ ಅಂದು ಮಳೆ ಬರಲಿಲ್ಲವೋ ಅಳೆಯಲಿಲ್ಲವೋ ಎಂದು ಮುಂದೆ ಯಾರಿಗೂ ತಿಳಿಯುವುದಿಲ್ಲ. ನನ್ನ ಮಾವನ ಡೈರಿಯಲ್ಲಿ 2021ರ ಆ ದಿನದ ಜಾಗ ಖಾಲಿಯೇ ಇದೆ. ಅದರ ಮರುದಿನದಿಂದ ಅವರ ಮಳೆಮಾಪಕ ವರ್ಷವಿಡೀ ಅಂಗಳದ ಮೂಲೆಯಲ್ಲಿಯೇ ಇರುತ್ತದೆ, ಡಿಸೆಂಬರ್, ಜನವರಿ, ಫೆಬ್ರವರಿ ಪುಟಗಳ ಉದ್ದಕ್ಕೂ ಅವರು ಸೊನ್ನೆಗಳನ್ನು ಬರೆಯುತ್ತಿದ್ದಾರೆ.